ನೆರಳು ನಮ್ಮ ಕಡೆಗೆ

1972ರಲ್ಲಿ ನಾನು ಮುಂಬಯಿಯ ವೈಮಾನಿಕ ಸರ್ವೆ ಕಂಪನಿಯೊಂದರಲ್ಲಿ ಫೋಟೋ ವಿಭಾಗದ ಮೇಲ್ವಿಚಾರಕನಾಗಿದ್ದೆ. ಅದಕ್ಕೂ ಮುಂಚೆ ಒಂಬತ್ತು ವರ್ಷ ವಾಯುದಳದಲ್ಲಿ ಇದೇ ಕೆಲಸ ಮಾಡಿದವನು. ಮನೆ ಮುಲುಂಡಿನಲ್ಲಿ, ಆಫೀಸು ವಡಾಲದಲ್ಲಿ. ಕುರ್ಲಾದಲ್ಲಿ ಲೋಕಲ್ ಬದಲಿಸಿ, ಎಂಟು ಗಂಟೆಗೆ ಹತ್ತು ನಿಮಿಷ ಇರುವಾಗಲೇ ಮೇಜಿನ ಮುಂದೆ ಕೂತಿರುತ್ತಿದ್ದೆ.

ವಿಮಾನದ ಹೊಟ್ಟೆಯಲ್ಲಿ ಕೂರಿಸಿದ ಕ್ಯಾಮೆರಾ ನೇರ ಕೆಳಮುಖವಾಗಿ ಚಿತ್ರ ತೆಗೆಯುತ್ತದೆ. ಒಂಬತ್ತು ಇಂಚು ಚೌಕದ ಆ ಪ್ರಿಂಟುಗಳನ್ನು ನೋಡಿ ಎಲ್ಲಿ ಏರು, ಎಲ್ಲಿ ತಗ್ಗು ಎಂದು ಹೇಳುವುದು ನಮ್ಮ ಕೆಲಸ. ಅಕ್ಕಪಕ್ಕದ ಎರಡು ಚಿತ್ರಗಳನ್ನು ಸ್ಟೀರಿಯೋಸ್ಕೋಪ್ ಎಂಬ ಜೋಡಿ ಮಸೂರದ ಕೆಳಗಿಟ್ಟರೆ ಬೆಟ್ಟ ಎದ್ದು ನಿಲ್ಲುತ್ತದೆ. ಒಂದೇ ಚಿತ್ರವಿದ್ದರೆ ನೆರಳೇ ಆಧಾರ. ಆ ನೆರಳು ನೋಡುವವನ ಕಡೆಗೆ ಬೀಳುವಂತೆ ಚಿತ್ರ ಇಟ್ಟುಕೊಳ್ಳಬೇಕು. ತಿರುವುಮುರುವಾಗಿ ಇಟ್ಟರೆ ಕಣ್ಣು ಮೋಸ ಹೋಗುತ್ತದೆ. ಬೆನ್ನುಮೂಳೆಯಂತೆ ಎದ್ದ ಏಣು ಕೊರಕಲಾಗಿ ಕಾಣುತ್ತದೆ, ಕೊರಕಲು ಏಣಾಗಿ ಕಾಣುತ್ತದೆ. ಈ ನಿಯಮವನ್ನು ನಾನೇ ದೊಡ್ಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ.

ಆ ವರ್ಷ ಮೇ ತಿಂಗಳಲ್ಲಿ ಪರ್ವತಾರೋಹಿಗಳ ತಂಡವೊಂದರ ಮುಂದಾಳು ಕುಲಕರ್ಣಿ ನಮ್ಮಲ್ಲಿಗೆ ಬಂದರು. ಬೆಳಗಾವಿಯವರು, ಪವಾಯಿಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಗಢವಾಲದ ಒಂದು ಶಿಖರಕ್ಕೆ ಆರು ಮಂದಿ ಹೊರಟಿದ್ದರು. ಅದರ ಚಿತ್ರಗಳು ನಮ್ಮಲ್ಲಿದ್ದವು. ಗಡಿ ಪ್ರದೇಶವಾದ್ದರಿಂದ ಪ್ರಿಂಟು ಕೋಣೆ ಬಿಟ್ಟು ಹೋಗುವಂತಿರಲಿಲ್ಲ. ಪಾರದರ್ಶಕ ಹಾಳೆಯಲ್ಲಿ ದಾರಿಯ ಗೆರೆ ಎಳೆದುಕೊಂಡು, ನನ್ನ ಸಹಿ ಮಾಡಿಸಿ ಒಯ್ಯಲು ಮಾತ್ರ ಅನುಮತಿ ಸಿಕ್ಕಿತ್ತು.

ಶಿಖರದ ಮೇಲ್ಭಾಗಕ್ಕೆ ಒಂದೇ ಚಿತ್ರವಿತ್ತು. ಅದರ ಜೋಡಿಯನ್ನು ಮೋಡ ಮುಚ್ಚಿತ್ತು. ಕುಲಕರ್ಣಿ ತಮ್ಮ ನಕ್ಷೆಯನ್ನು ಪಕ್ಕದಲ್ಲಿ ಹರಡಿ, "ಹೊಸಮನಿಯವರ, ನಕ್ಷಾ ಒಂದು ದಿಕ್ಕು, ಫೋಟೋ ಒಂದು ದಿಕ್ಕು ಇಟ್ರ ತಲಿ ತಿರಗ್ತದ್ರಿ" ಎಂದರು. ನಕ್ಷೆಗೆ ಹೊಂದಲಿ ಎಂದು ನಾನೇ ಚಿತ್ರವನ್ನು ಉತ್ತರ ಮೇಲಾಗಿ ತಿರುಗಿಸಿದೆ. ತುದಿಯವರೆಗೂ ಹೋಗುವ ಸೊಗಸಾದ ಏಣೊಂದು ಕಂಡಿತು. ಅವರು ಗೆರೆ ಎಳೆದರು, ನಾನು ಸಹಿ ಮಾಡಿದೆ.

ಊಟವಾದ ಮೇಲೆ ದಿನದ ಕೆಲಸವನ್ನು ಡೈರಿಯಲ್ಲಿ ಬರೆಯುವುದು ವಾಯುದಳದಿಂದ ಬಂದ ರೂಢಿ. ಅಂದು 'ಚಿತ್ರವನ್ನು ಉತ್ತರ ಮೇಲಾಗಿ ಇಟ್ಟು' ಎಂದು ಬರೆಯುತ್ತಿದ್ದಂತೆ ಪೆನ್ನು ನಿಂತಿತು. ಹಿಮಾಲಯದಲ್ಲಿ ಬಿಸಿಲು ದಕ್ಷಿಣದಿಂದ ಬರುತ್ತದೆ, ನೆರಳು ಉತ್ತರಕ್ಕೆ ಬೀಳುತ್ತದೆ. ಉತ್ತರ ಮೇಲಿದ್ದರೆ ನೆರಳು ನಮ್ಮಿಂದ ದೂರ ಬಿದ್ದಿರುತ್ತದೆ. ನಾವು ಏಣೆಂದು ನೋಡಿದ್ದು ಕೊರಕಲು. ಮೇಲಿನ ಹಿಮವೆಲ್ಲ ಜಾರಿ ಬರುವ ಹಾದಿಗೆ ಆರು ಜನರನ್ನು ನನ್ನ ಸಹಿಯೇ ಕಳಿಸುತ್ತಿತ್ತು. ಮಾರನೆಯ ಬೆಳಿಗ್ಗೆ ಹನ್ನೊಂದಕ್ಕೆ ಬಾಂಬೆ ಸೆಂಟ್ರಲ್‌ನಿಂದ ಅವರ ಗಾಡಿ. ಅವರ ಮನೆಯಲ್ಲಿ ಫೋನಿರಲಿಲ್ಲ, ನನ್ನಲ್ಲೂ ಇರಲಿಲ್ಲ.

ಬೆಳಿಗ್ಗೆ ಮೊದಲ ಲೋಕಲ್ ಹಿಡಿದು ಆಫೀಸಿನ ಬಾಗಿಲಲ್ಲಿ ನಿಂತೆ. ಚಿತ್ರಗಳಿದ್ದ ಬೀರುವಿನ ಕೀಲಿ ನಮ್ಮ ಮುಖ್ಯಸ್ಥರಲ್ಲಿತ್ತು. ಸೈನ್ಯದಿಂದ ನಿವೃತ್ತರಾದ ಅವರನ್ನು ಎಲ್ಲರೂ ಮೇಜರ್ ಸಾಹೇಬರೆನ್ನುತ್ತಿದ್ದರು. ಎಂಟಕ್ಕೆ ಸರಿಯಾಗಿ ಅವರು ಬಂದರು, ನಾನು ಎಲ್ಲವನ್ನೂ ಹೇಳಿದೆ. ಚಿತ್ರವನ್ನು ತೆಗೆಸಿ, ನೆರಳು ನಮ್ಮ ಕಡೆಗೆ ತಿರುಗಿಸಿ ಇಬ್ಬರೂ ನೋಡಿದೆವು. ಗೆರೆ ಎಳೆದಿದ್ದ ಜಾಗ ಕುಸಿದು ಕೊರಕಲಾಯಿತು. ಪೂರ್ವಕ್ಕೆ ಅರ್ಧ ಬೆರಳಿನಷ್ಟು ಅಂತರದಲ್ಲಿ ನಿಜವಾದ ಏಣು ಎದ್ದಿತು. ಪರ್ವತದ ಮೇಲೆ ಆ ಅರ್ಧ ಬೆರಳು ಸುಮಾರು ಮುನ್ನೂರು ಮೀಟರ್.

ಹೊಸ ಹಾಳೆ ಮುಗಿಸುವಾಗ ಒಂಬತ್ತೂವರೆ. ಅವರು ನಂಬುವಂತೆ ಚಿತ್ರವನ್ನೂ ತೋರಿಸಬೇಕೆಂದೆ. ಮೇಜರ್ ಸಾಹೇಬರು ತಲೆ ಎತ್ತದೆ, "ಪ್ರಿಂಟ್ ಬಾಹರ್ ನಹೀಂ ಜಾಯೇಗಾ. ಆಪ್ ಜಾಯಿಯೇ" ಎಂದರು. ಪ್ರಿಂಟು ಬಿಟ್ಟು ನಾನೊಬ್ಬನೇ ಹೋಗಬೇಕಿತ್ತು. ಹೊಸಬರಿಗೆ ಪಾಠ ಹೇಳಲು ಡ್ರಾಯರಿನಲ್ಲಿಟ್ಟಿದ್ದ ಪತ್ರಿಕೆಯ ತುಣುಕೊಂದನ್ನು ಕಿಸೆಗೆ ಹಾಕಿಕೊಂಡು ಟ್ಯಾಕ್ಸಿ ಹಿಡಿದೆ.

ಪ್ಲಾಟ್‌ಫಾರ್ಮಿನಲ್ಲಿ ಹಗ್ಗದ ಸುರುಳಿಗಳ ನಡುವೆ ಕುಲಕರ್ಣಿ, ಕಂಕುಳಲ್ಲಿ ಮಗಳನ್ನೆತ್ತಿಕೊಂಡ ಅವರ ಹೆಂಡತಿ.

"ಏನ್ರಿ, ನೀವೂ ಗುಡ್ಡಾ ಹತ್ತಾಕ ಬಂದ್ರೇನು?" ಎಂದು ಅವರು ನಕ್ಕರು.

"ನಿನ್ನಿ ದಾರಿ ತಪ್ಪೈತ್ರಿ. ನಿಮ್ಮ ಗೆರಿ ಏಣಿನ ಮ್ಯಾಲಿಲ್ಲ, ಕೊರಕಲದಾಗ ಐತಿ."

"ನೀವಽ ಸಹಿ ಮಾಡೀರಲ್ರಿ!"

"ಮಾಡೇನಿ. ತಪ್ಪು ನಂದು."

"ನಿನ್ನೆ ಹೌದಂದ್ರಿ, ಇವತ್ತ ಅಲ್ಲಂತೀರಿ. ನಾ ಯಾವುದನ್ನ ನಂಬ್ಲಿ? ಆರು ಮಂದಿ ಜೀವದ ಮಾತದ."

ನಾನು ತುಣುಕನ್ನು ಅವರ ಕೈಗಿತ್ತೆ. ಚಂದ್ರನ ನೆಲದ ಚಿತ್ರ. "ಏನ್ ಕಾಣ್ತೈತಿ?"

"ಕುಣಿ. ಎಲ್ಲಾ ಕಡೆ ಕುಣಿ."

ಅದನ್ನು ಅವರ ಕೈಯಲ್ಲೇ ತಲೆಕೆಳಗು ಮಾಡಿದೆ. ಪಕ್ಕದಿಂದ ಬಗ್ಗಿ ನೋಡಿದ ಅವರ ಹೆಂಡತಿ, "ಅಯ್ಯ, ಎಲ್ಲಾ ಪೂರಿ ಉಬ್ಬಿದಂಗ ಉಬ್ಬಿದ್ವಲ್ಲ!" ಎಂದರು. ಮರುಕ್ಷಣವೇ ಅವರ ನಗು ನಿಂತಿತು. "ರೀ, ಅವರ ಹಾಳಿ ತಗೋರಿ" ಎಂದರು.

ಕುಲಕರ್ಣಿ ಹಳೆಯ ಹಾಳೆಯನ್ನು ಹರಿಯಲು ಹೋದರು. ಬೇಡವೆಂದು ತಡೆದು ವಾಪಸು ಪಡೆದೆ. ಆಫೀಸಿಗೆ ಬಂದು ಅದನ್ನು ರಿಜಿಸ್ಟರಿಗೆ ಅಂಟಿಸಿ, ನನ್ನ ಸಹಿಯ ಕೆಳಗೆ ಕೆಂಪು ಶಾಯಿಯಲ್ಲಿ 'ತಪ್ಪು' ಎಂದು ಬರೆದು, ಅದಕ್ಕೂ ಸಹಿ ಮಾಡಿದೆ. ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನ ಆ ಪುಟವನ್ನೇ ತೋರಿಸುತ್ತಿದ್ದೆ.

ಜುಲೈಯಲ್ಲಿ ಕುಲಕರ್ಣಿ ಆಫೀಸಿಗೆ ಬಂದರು, ಮೂಗಿನ ಚರ್ಮವೆಲ್ಲ ಸುಲಿದಿತ್ತು. ಇಬ್ಬರು ತುದಿ ಮುಟ್ಟಿದ್ದರು, ಆರೂ ಮಂದಿ ಮರಳಿದ್ದರು. ನಾನು ಮೊದಲು ಕೇಳಿದ್ದು ಎರಡನೆಯದನ್ನೇ. ಏಣಿನ ಮೇಲೆ ನಿಂತು ಕೆಳಗಿನ ಕೊರಕಲಿನ ಚಿತ್ರ ತೆಗೆದು ತಂದಿದ್ದರು. ಅದರ ತುಂಬ ಮನೆಯಷ್ಟು ದೊಡ್ಡ ಹಿಮದ ತುಂಡುಗಳು ಒಂದರ ಮೇಲೊಂದು ಬಿದ್ದಿದ್ದವು. ತಾವು ನೋಡುತ್ತಿದ್ದಂತೆಯೇ ಅವು ಜಾರಿ ಬಂದವೆಂದರು.

ಚಿತ್ರ ಕೈಗೆ ಬಂದೊಡನೆ ನಾನು ಅದನ್ನು ತಿರುಗಿಸಿ, ನೆರಳು ಯಾವ ಕಡೆ ಎಂದು ನೋಡಿದೆ. ಕುಲಕರ್ಣಿ ಜೋರಾಗಿ ನಕ್ಕರು: "ಇದು ನಾ ಅಲ್ಲೇ ನಿಂತು ತಗದದ್ದರಿ! ಇದರಾಗೂ ಸಂಶಯಾನ?"

"ನಾಲ್ಕೂ ಕಡೆ ನೋಡದ ಈಗ ಯಾವುದಕ್ಕೂ ಹೌದನ್ನಂಗಿಲ್ರಿ" ಎಂದೆ.

ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ನಾನು ಸಾವಿರಾರು ಹಾಳೆಗಳಿಗೆ ಸಹಿ ಮಾಡಿದ್ದೇನೆ. ಹೆಮ್ಮೆಯಿಂದ ನೆನೆಯುವುದು ಆ ಕೆಂಪು ಶಾಯಿಯ ಸಹಿಯೊಂದನ್ನೇ. ನಿಯಮವನ್ನು ಗೋಡೆಗೆ ಅಂಟಿಸಿದವನೇ ಅದನ್ನು ಮರೆಯಬಲ್ಲ. ಮರೆತದ್ದು ಗೊತ್ತಾದ ಮೇಲೆ ಗಾಡಿ ಹೊರಡುವುದರೊಳಗೆ ಸ್ಟೇಷನ್ ಮುಟ್ಟುವುದೂ ಅವನದೇ ಕೆಲಸ.