ಪಕ್ಕವಾದ್ಯದವಳು

ಆಮಂತ್ರಣ ಪತ್ರಿಕೆ ಕೈಗೆ ಬಂದ ದಿನವೇ ನನಗೆ ಮೈಯೆಲ್ಲ ಉರಿದುಹೋಗಿತ್ತು. ನಡುವೆ ದಪ್ಪಕ್ಷರದಲ್ಲಿ ತಮ್ಮನ ಹೆಸರು, ಪಿಟೀಲು. ಕೆಳಗೆ ಸಣ್ಣಕ್ಷರದಲ್ಲಿ ‘ಪಕ್ಕವಾದ್ಯ: ಚೆಲ್ಲೊ’ ಎಂದು ನನ್ನ ಹೆಸರು. ನಾವು ನುಡಿಸಲಿದ್ದದ್ದು ಪಾಶ್ಚಾತ್ಯ ಸಂಗೀತದ ಒಂದು ಡಬಲ್ ಕನ್ಸರ್ಟೊ. ಅದರಲ್ಲಿ ಪಿಟೀಲಿಗೂ ಅದರ ದೊಡ್ಡಕ್ಕನಂಥ ಚೆಲ್ಲೊಗೂ ಸರಿಸಮ ಪಾಲು. ಪಕ್ಕವಾದ್ಯ ಎನ್ನಲೇಬೇಕಿದ್ದರೆ ಹಿಂದೆ ಕೂರುವ ಮೂವತ್ತು ಜನರ ಆರ್ಕೆಸ್ಟ್ರಾವನ್ನು ಅನ್ನಬೇಕು.

ಕಾರ್ಯಕ್ರಮ ಏರ್ಪಡಿಸಿದ್ದ ದೆಹಲಿಯ ನಮ್ಮ ಕನ್ನಡದವರ ಸಂಘಕ್ಕೆ ಗೊತ್ತಿದ್ದದ್ದು ಕರ್ನಾಟಕ ಸಂಗೀತ ಕಛೇರಿಯ ಕ್ರಮ ಒಂದೇ: ಮುಖ್ಯ ಕಲಾವಿದ ಒಬ್ಬ, ಮಿಕ್ಕವರೆಲ್ಲ ಪಕ್ಕದವರು. ಅವರನ್ನಾದರೂ ಕ್ಷಮಿಸಬಹುದು. ಆದರೆ ಆ ಕಾರ್ಡಿನ ಕರಡು ತಿದ್ದಿದವರು ನಮ್ಮಪ್ಪ. ಸರ್ಕಾರಿ ಸೆಕ್ಷನ್ ಆಫೀಸರ್. ಕಡತದಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ವಾಪಸ್ ಕಳಿಸುವ ಮನುಷ್ಯ. ಮೂರು ವರ್ಷ ಇಂದಿರಾಪುರಂನ ಫ್ಲ್ಯಾಟಿನಲ್ಲಿ ಅವರ ಕಣ್ಣೆದುರೇ ನಾವಿಬ್ಬರೂ ಅಭ್ಯಾಸ ಮಾಡಿದ್ದೆವು. ನಮ್ಮ ಕಡೆಗೆ ಆಗಿನ್ನೂ ಮೆಟ್ರೊ ಇರಲಿಲ್ಲ. ಎದೆಯೆತ್ತರದ ಚೆಲ್ಲೊವನ್ನು ಆಟೊದಲ್ಲಿ ತಬ್ಬಿಕೊಂಡು ತಾಲೀಮಿಗೆ ಹೋಗಿಬರುತ್ತಿದ್ದವಳು ನಾನು.

“ಹೋಗ್ಲಿ ಬಿಡಮ್ಮ, ಹೆಸರು ಇದೆಯಲ್ಲ,” ಎಂದರು ಅಪ್ಪ.

ತಮ್ಮ ಮಾತ್ರ, “ಅಕ್ಕ, ಟೆನ್ಷನ್ ಮತ್ ಲೋ. ಸ್ಟೇಜ್ ಮೇಲೆ ನಾನೇ ಮೈಕಲ್ಲಿ ಹೇಳ್ತೀನಿ, ಇಬ್ರದ್ದೂ ಈಕ್ವಲ್ ಅಂತ. ಪ್ರಾಮಿಸ್,” ಎಂದ. ಅದನ್ನು ನಂಬಿಕೊಂಡೇ ವೇದಿಕೆ ಹತ್ತಿದೆ.

ಚೆನ್ನಾಗಿಯೇ ನುಡಿಸಿದೆವು. ಮುಗಿದ ಮೇಲೆ ಸಂಘದ ಕಾರ್ಯದರ್ಶಿ ಬಂದು ತಮ್ಮನಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಗಂಧದ ಹಾರ ಹಾಕಿದರು. ನನ್ನ ಕೈಗೆ ಒಂದು ಗುಲಾಬಿ ಬಂತು. ಮೈಕ್ ಹಿಡಿದ ತಮ್ಮ ಗುರುಗಳನ್ನು ನೆನೆದ, ಅಪ್ಪನನ್ನು ನೆನೆದ, ಸಂಘವನ್ನು ಹೊಗಳಿದ. ಕೊನೆಗೆ, “ಅಕ್ಕ ಒಳ್ಳೆ ಸಾಥ್ ಕೊಟ್ಲು,” ಎಂದ. ಆ ಗಳಿಗೆಯಲ್ಲಿ ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು.

“ಕೊನೇ ಭಾಗ ಇನ್ನೊಂದ್ಸಲ ಆಗ್ಲಿ, ಚಲೋ,” ಎಂದರು ಕಾರ್ಯದರ್ಶಿ.

ಆ ಕೊನೆಯ ಭಾಗ ಶುರುವಾಗುವುದೇ ಚೆಲ್ಲೊದಿಂದ. ನಾನು ಮೊದಲು ನುಡಿಸಬೇಕು, ಅದನ್ನೇ ಪಿಟೀಲು ಹಿಂದಿನಿಂದ ಎತ್ತಿಕೊಳ್ಳಬೇಕು. ಕಮಾನನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತೆ.

ತಮ್ಮ ಬಗ್ಗಿ, “ಅಕ್ಕ, ಶುರು ಮಾಡು. ಎಲ್ರೂ ನೋಡ್ತಿದಾರೆ,” ಎಂದ.

“ಮೈಕ್ ಅಲ್ಲೇ ಇದೆ. ಹೇಳ್ತೀನಿ ಅಂದಿದ್ಯಲ್ಲ, ಹೇಳು.”

ಅವನು ಮೊದಲ ಸಾಲಿನಲ್ಲಿದ್ದ ಅಪ್ಪನ ಮುಖ ನೋಡಿದ. ಅಪ್ಪ ನನ್ನ ಕಡೆ ತಿರುಗಿ, ಹಟ ಮಾಡುವ ಮಗುವಿಗೆ ಮಾಡುವ ಹಾಗೆ ಕೈಸನ್ನೆ ಮಾಡಿದರು. ತಮ್ಮ ನೆಟ್ಟಗಾದ. ಪಿಟೀಲನ್ನು ಗದ್ದಕ್ಕೆ ಒತ್ತಿಕೊಂಡು ನನ್ನ ಭಾಗವನ್ನು ತಾನೇ ಶುರು ಮಾಡಿದ. ಆರ್ಕೆಸ್ಟ್ರಾದವರು ಒಂದು ಕ್ಷಣ ತಡವರಿಸಿ ಅವನ ಹಿಂದೆ ಹೋದರು. ಮೂರು ವರ್ಷ ಪಕ್ಕದಲ್ಲಿ ಕೂತು ಕೇಳಿದವನು, ನನ್ನ ಒಂದು ಸ್ವರವನ್ನೂ ತಪ್ಪಿಸಲಿಲ್ಲ. ನಾನು ಮುಗಿಯುವವರೆಗೂ ಹಾಗೇ ಕೂತಿದ್ದೆ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅಪ್ಪನೂ ತಟ್ಟಿದರು. ಏನೋ ಕಮ್ಮಿಯಾಯಿತು ಎಂದು ಆ ಸಭೆಯಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ.