ಗೇರಿನ ಪಕ್ಕದ ಮುಚ್ಚಳ

ಸತ್ಯಕ್ಕಿಂತ ದೊಡ್ಡ ಧರ್ಮವಿಲ್ಲವೆಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇರಲಿಲ್ಲವೆಂದು ಕಾಣುತ್ತದೆ. ಇದ್ದರೂ, ಕುಡಿದ ಚಹಾಕ್ಕೆ ಹೆಂಡತಿಯೆದುರು ಉತ್ತರ ಹೇಳುವ ಸಂದರ್ಭ ಒದಗಿರಲಿಕ್ಕಿಲ್ಲ.

ಕಳೆದ ವಾರ ಹಳೆಯ ಕಾರನ್ನು ಮಾರಲೆಂದು ಒಳಗೆಲ್ಲ ಗುಡಿಸುತ್ತಿದ್ದೆ. ಡ್ರೈವರ್ ಸೀಟಿನಡಿಯ ಕಂಬಿಯ ಸಂದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಅಗಲದ ಕಪ್ಪು ಪ್ಲಾಸ್ಟಿಕ್ ಮುಚ್ಚಳವೊಂದು ಸಿಕ್ಕಿತು. ಅಂಚಿನಲ್ಲಿ ಕಂದು ಕಲೆ. ಮೂಸಿದೆ. ಏಲಕ್ಕಿಯ ವಾಸನೆ ಬಂತೆಂದರೆ ನೀವು ನಂಬಬೇಕಾಗಿಲ್ಲ, ಇಷ್ಟು ವರ್ಷ ಯಾವ ವಾಸನೆಯೂ ಉಳಿಯುವುದಿಲ್ಲ. ನನಗಂತೂ ಬಂತು... ಅದರ ಹಿಂದೆಯೇ ವ್ಯಾನ್ ಕಾಕ ಬಂದರು.

ಆಗ ನಾವು ಕೊಲ್ಲಿಯ ಈ ಊರಿನಲ್ಲೇ, ಉಮ್ ಅಲ್ ಹಸ್ಸಮ್ ಬಡಾವಣೆಯ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿದ್ದೆವು. ಕೆಳಮನೆಯಲ್ಲಿ ಅವರು: ಮಂಗಳೂರು ಕಡೆಯ ಬ್ಯಾರಿ, ಓಣಿಯ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ವ್ಯಾನಿನ ಚಾಲಕರು. ಮಕ್ಕಳು ಕಾಕ ಎನ್ನುತ್ತಿದ್ದರು, ಹಾಗಾಗಿ ನಾವೂ. ಕಟ್ಟಡದ ಹಿಂದಿನ ಅಂಗಳಕ್ಕೆ ಒಂದೇ ಗೇಟು. ಸಂಜೆ ಕೊನೆಗೆ ಬಂದವನ ಕಾರು ಗೇಟಿಗೆ ಅಡ್ಡ ನಿಲ್ಲುತ್ತಿತ್ತು; ಬೆಳಿಗ್ಗೆ ಅವನೇ ಮೊದಲು ಹೊರಡಬೇಕು. ಇದು ಆ ಕಟ್ಟಡದ ಅಲಿಖಿತ ಸಂವಿಧಾನ.

ಅಂದು ಮಗಳ ಹತ್ತನೆಯ ತರಗತಿಯ ಗಣಿತ ಪರೀಕ್ಷೆ. ಬೆಳಗಿನ ದಟ್ಟಣೆಯಲ್ಲಿ ಶಾಲೆಗೆ ಮುಕ್ಕಾಲು ಗಂಟೆಯ ದಾರಿ; ಏಳೂವರೆಗೆ ಅದರ ಗೇಟು ಮುಚ್ಚಿದರೆ ಆಮೇಲೆ ಯಾರ ಮಗುವಿಗೂ ಪ್ರವೇಶವಿಲ್ಲ. ಆರೂವರೆಗೆ ವ್ಯಾನಿನಲ್ಲಿ ಒಂಬತ್ತು ಮಕ್ಕಳು ಸೂತ್ರ ಗುಣುಗುಣಿಸುತ್ತ ಕುಳಿತಿದ್ದರು. ವ್ಯಾನು ಅಂಗಳದೊಳಗೆ. ಗೇಟಿಗೆ ಅಡ್ಡ ನನ್ನ ಕಾರು.

ಕಾರು ಸ್ಟಾರ್ಟ್ ಆಯಿತು. ಬ್ರೇಕ್ ಒತ್ತಿ ಗೇರಿನ ಹಿಡಿ ಎಳೆದೆ. ‘ಪಾರ್ಕ್’ ಸ್ಥಾನದಿಂದ ಅಲುಗಲಿಲ್ಲ. ಆಟೋಮ್ಯಾಟಿಕ್ ಕಾರು ಪಾರ್ಕಿನಲ್ಲಿ ಸಿಕ್ಕಿಕೊಂಡರೆ ಹತ್ತು ಜನ ತಳ್ಳಿದರೂ ಚಕ್ರ ಉರುಳುವುದಿಲ್ಲ. ನಾನು ಮೆಕ್ಯಾನಿಕಲ್ ಎಂಜಿನಿಯರ್, ದಾವಣಗೆರೆಯಲ್ಲಿ ಪಡೆದ ಪದವಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವನು. ಆದ್ದರಿಂದ ಮೊದಲು ಹಿಡಿಯನ್ನು ಬೈದೆ, ಆಮೇಲೆ ಗುದ್ದಿದೆ.

ಟ್ಯಾಕ್ಸಿ ಕರೆಯೋಣವೆಂದರೆ ಮೂರು ಬೇಕು. ಫೋನು ಒಂದನ್ನೂ ತೋರಿಸಲಿಲ್ಲ.

ಕಾರಣದ ಅನುಮಾನ ನನಗಿತ್ತು. ಹಿಂದಿನ ಸಂಜೆ ಚಹಾದಂಗಡಿಯ ಮುಂದೆ ನಿಲ್ಲಿಸಿ, ಇಲ್ಲಿನ ರೂಢಿಯಂತೆ ಹಾರ್ನ್ ಹೊಡೆದು, ಕಿಟಕಿಗೇ ಕರಕ್ ತರಿಸಿಕೊಂಡಿದ್ದೆ. ಹಾಲು, ಏಲಕ್ಕಿ, ಧಾರಾಳ ಸಕ್ಕರೆ ಹಾಕಿ ಕುದಿಸಿದ ಆ ಚಹಾ ನನಗೆ ವೈದ್ಯರಿಂದಲೂ, ಅವರ ಮೇಲಿನ ನ್ಯಾಯಾಲಯವಾದ ಹೆಂಡತಿಯಿಂದಲೂ ನಿಷಿದ್ಧ. ಮೊದಲ ಗುಟುಕಿಗೇ ಹಿಂದಿನ ಕಾರಿನವನು ಹಾರ್ನ್ ಹೊಡೆದ. ಬೆಚ್ಚಿದೆ, ಲೋಟ ಗೇರಿನ ಮೇಲೆ ಮಗುಚಿತು. ಟಿಶ್ಯೂ ಪೇಪರಿನಿಂದ ಸಾಕ್ಷ್ಯನಾಶ ಮಾಡಿ ಮನೆಗೆ ಬಂದಿದ್ದೆ.

ಕಾಕ ವ್ಯಾನಿನಿಂದಿಳಿದು ಬಂದರು. “ಎಂತ ಸರ್, ಬೀಳುದಿಲ್ವಾ? ಬ್ರೇಕ್ ಒತ್ತಿ ನೋಡುವ.” ಹಿಂದೆ ಹೋಗಿ ಬಂದರು. “ಬ್ರೇಕ್ ಲೈಟ್ ಬರ್ತದೆ. ಇದ್ರ ಮೇಲೆ ಎಂತಾದ್ರೂ ಚೆಲ್ಲಿದ್ದುಂಟಾ?”

ಹೆಂಡತಿ ಕಿಟಕಿಯ ಪಕ್ಕದಲ್ಲೇ ನಿಂತಿದ್ದಳು. “ರೀ, ಕೇಳ್ತಿದಾರಲ್ಲ. ಚೆಲ್ಲಿದ್ರಾ?”

“ಛೆ, ಇಲ್ಲಪ್ಪ. ಎಲೆಕ್ಟ್ರಿಕಲ್ ಫಾಲ್ಟ್ ಇರಬೇಕು,” ಎಂದೆ, ಪದವಿಗೆ ತಕ್ಕ ಗಾಂಭೀರ್ಯದಿಂದ.

ಕಾಕ ಎಂಜಿನಿಯರನ್ನು ನಂಬಿದರು. ಮಂಡಿಯೂರಿ, ತಲೆಯನ್ನು ಸ್ಟಿಯರಿಂಗಿನಡಿ ತುರುಕಿ, ಫ್ಯೂಸುಗಳನ್ನು ಒಂದೊಂದೇ ಕಿತ್ತು, ಬೆಳಕಿಗೆ ಹಿಡಿದು, ಮತ್ತೆ ಸಿಕ್ಕಿಸಿದರು. ಎಲ್ಲವೂ ಸರಿಯಿದ್ದವು. ಅವು ಸರಿಯಿರುತ್ತವೆಂದು ಆ ಅಂಗಳದಲ್ಲಿ ಬಲ್ಲವನು ನಾನೊಬ್ಬನೇ.

“ಪಪ್ಪಾ, ಇಟ್ಸ್ ಸಿಕ್ಸ್ ಫಾರ್ಟಿ!” ಮಗಳ ದನಿ ಒಡೆದಿತ್ತು. “ಡೂ ಸಮ್‌ಥಿಂಗ್!”

ಕಾಕ ಎದ್ದರು. ಗೇರಿನ ಹಿಡಿಯತ್ತ ಬಗ್ಗಿ ಒಮ್ಮೆ ಮೂಸಿದರು. ನನ್ನನ್ನು ನೋಡಿದರು. “ಅಮ್ಮಾ, ಒಂದು ಲೋಟ ಬಿಸಿನೀರು ಬೇಕಿತ್ತು,” ಎಂದರು. ಹೆಂಡತಿ ಮೇಲಕ್ಕೋಡಿದಳು.

“ಕರಕ್ ಅಲ್ವಾ ಸರ್?” ದನಿ ತಗ್ಗಿಸಿ ಕೇಳಿದರು. “ನನ್ನ ವ್ಯಾನಲ್ಲಿ ಎರಡು ಸಲ ಆಗಿದೆ. ಸಕ್ಕರೆ ಒಣಗಿ ಕಲ್ಲಾಗ್ತದೆ. ಮೊದ್ಲೇ ಹೇಳ್ಬಹುದಿತ್ತು ಮಾರಾಯ್ರೆ... ಎಂಟು ನಿಮಿಷ ಹೋಯ್ತು.”

ಗೇರಿನ ಪಕ್ಕದ ಮುಚ್ಚಳವನ್ನು ವ್ಯಾನಿನ ಕೀಲಿಯ ತುದಿಯಿಂದ ಎಬ್ಬಿಸಿದರು. ಅದು ಹಾರಿ ಎಲ್ಲೋ ಬಿತ್ತು. ನೀರು ಬಂತು. ಸಂದಿಗೆ ಹನಿಹನಿಯಾಗಿ ಬಿಟ್ಟರು, ಮುಚ್ಚಳದಡಿಯಿದ್ದ, ಗೇರಿನ ಬೀಗ ಬಿಡಿಸುವ ತೂತಿನೊಳಗೆ ಕೀಲಿಯನ್ನು ಒತ್ತಿ ಹಿಡಿದರು. “ಬ್ರೇಕ್. ಎಳೀರಿ.” ಬರಲಿಲ್ಲ. ಮತ್ತೆ ನಾಲ್ಕು ಹನಿ. “ಈಗ.” ಕರಕರ ಸದ್ದಿನೊಡನೆ ಹಿಡಿ ಸರಿಯಿತು.

“ಏನಾಗಿತ್ತು ಕಾಕ?” ಹೆಂಡತಿ ಕೇಳಿದಳು.

“ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗಿದ್ದು ಅಮ್ಮಾ.”

ಫೆಬ್ರವರಿಯ ಬೆಳಿಗ್ಗೆ, ಒಂಬತ್ತೂ ಮಕ್ಕಳು ಸ್ವೆಟರ್ ತೊಟ್ಟಿದ್ದರು.

ಮಕ್ಕಳು ಗೇಟು ಮುಚ್ಚುವ ಎರಡು ನಿಮಿಷ ಮೊದಲು ತಲುಪಿದರು. ಹೇಗೆಂಬುದನ್ನು ಮಧ್ಯಾಹ್ನ ಮಗಳು ಹೇಳಿದಳು. ಕೊನೆಯ ಸಿಗ್ನಲ್ ಕೆಂಪಾಗಿತ್ತಂತೆ, ಕಾಕ ಗಡಿಯಾರ ನೋಡಿ, ಎಡಬಲ ನೋಡಿ, ನುಗ್ಗಿಸಿದರಂತೆ, ಕ್ಯಾಮೆರಾ ಫಳ್ಳೆಂದಿತಂತೆ. ಮಕ್ಕಳಿರುವ ವ್ಯಾನನ್ನು ಕೆಂಪಿನಲ್ಲಿ ಓಡಿಸಿದ ಚಾಲಕ ಬೇಡವೆಂದು ವ್ಯಾನಿನ ಮಾಲೀಕ ಆ ತಿಂಗಳೇ ಬೇರೊಬ್ಬನನ್ನು ನೇಮಿಸಿದ. ವೀಸಾ ಕ್ಯಾನ್ಸಲ್ ಆಗಿ ಕಾಕ ಊರಿಗೆ ಹೊರಟರು. ಹೊರಡುವ ಮುನ್ನ ಒಮ್ಮೆ ಮೆಟ್ಟಿಲಲ್ಲಿ ತಡೆದು, ಮಾಲೀಕನ ಹತ್ತಿರ ನಾನು ಮಾತಾಡಲೇ ಎಂದು ಕೇಳಿದೆ. “ಬಿಡಿ ಸರ್. ಕೆಂಪು ನೋಡಿದ್ದು ನಾನು,” ಎಂದರು. ನಾನು ಬಿಟ್ಟೆ. ಅಷ್ಟು ಬೇಗ ಬಿಡಬಾರದಿತ್ತು...

ಹೋದ ವರ್ಷ ಊರಿನಿಂದ ಸುದ್ದಿ ಬಂತು, ಅವರಿಲ್ಲವೆಂದು.

ಮುಚ್ಚಳವನ್ನು ಅದರ ಜಾಗದಲ್ಲಿಟ್ಟು ಒತ್ತಿದೆ. ಟಕ್ಕೆಂದು ಕೂತಿತು. ಏನು ಸಿಕ್ಕಿತೆಂದು ಹೆಂಡತಿ ಕೇಳಿದಳು. ಕರಕ್‌ನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಬಯ್ಯುತ್ತಾಳೆಂದು ಕಾದೆ.

“ಓನರ್ ಹತ್ರ ಹೋಗಿ ಹೇಳಬಹುದಿತ್ತಲ್ರೀ,” ಎಂದಳು, ಅಷ್ಟೇ.

ಮರುದಿನ ಕಾರು ಕೊಂಡವರು ಜಿಂಜ್ ಬಡಾವಣೆಯಿಂದ ಬಂದರು. ಬ್ರೇಕ್ ಒತ್ತಿದರು. ಗೇರು ಬಿತ್ತು. ಕಾರು ಹೋಯಿತು.