ಒಜೀಲಿಯಾ ಟಾಂಟಿಯ ನೀಲಿ ಗುರುತು

ನಮ್ಮ ಗ್ರೆನಡಾ ದ್ವೀಪದ ಹಡಗುಕಟ್ಟೆಯಲ್ಲಿ ಜಾಯಿಕಾಯಿ ಸರ ಮಾರುವ ಒಜೀಲಿಯಾ ಊರಿಗೆಲ್ಲ ಟಾಂಟಿ, ಅಂದರೆ ಚಿಕ್ಕಮ್ಮ. ಅವಳ ಕೈಗೆ ನೋಟು ಕೊಟ್ಟು ತಕ್ಷಣ ಚಿಲ್ಲರೆ ಪಡೆದವರಿಲ್ಲ. ಮೊದಲು ನೋಟನ್ನು ಬಿಸಿಲಿಗೆ ಹಿಡಿಯುತ್ತಾಳೆ, ಆಮೇಲೆ ಬಿಳಿ ಕಾಗದಕ್ಕೆ ತಿಕ್ಕುತ್ತಾಳೆ, ಕೊನೆಗೆ ಮೂಸುತ್ತಾಳೆ. ಮೂಗಿಗೆ ಏನು ತಿಳಿಯುತ್ತದೋ ದೇವರೇ ಬಲ್ಲ. ಇಷ್ಟರಲ್ಲಿ ಪಾಸಾದರೆ ಮೂಲೆಯಲ್ಲಿ ನೀಲಿ ಶಾಯಿಯ ಪುಟ್ಟ ಶಿಲುಬೆ ಬೀಳುತ್ತದೆ. ಅದು ತಾನು ಪರೀಕ್ಷಿಸಿ ಒಪ್ಪಿದ ದುಡ್ಡು ಎಂದು ಅರ್ಥ. ಬೇರೆಯವರು ಗೀಚಿದ ನೋಟು ಬಂದರೆ ಮಾತ್ರ ಗಿರಾಕಿಯ ಕೊರಳಿನಿಂದಲೇ ಸರ ಬಿಚ್ಚಿಕೊಳ್ಳುತ್ತಾಳೆ.

"ನೀನೂ ಗೀಚ್ತೀಯಲ್ಲ ಟಾಂಟಿ?" ಎಂದು ಪಕ್ಕದ ಮಳಿಗೆಯಿಂದ ನಾನು ಕೆಣಕುತ್ತಿದ್ದೆ.

"ನಾನು ಗೀಚೋದು ಬೇರೆ, ಲೋಕ ಗೀಚೋದು ಬೇರೆ. ನಿನ್ನ ಬುಟ್ಟಿ ನೀನು ನೋಡ್ಕೊ, ಕ್ಲೀಟಾ."

ಮೂವತ್ತು ವರ್ಷ ಪಕ್ಕದಲ್ಲಿ ಕೂತರೂ ಎದ್ದು ಹೋಗುವಾಗ ಸರಗಳನ್ನು ಎಣಿಸಿಯೇ ನನಗೆ ಒಪ್ಪಿಸುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಆದರೆ ಈ ಸಂಶಯದ ಬೇರು ನನಗೆ ಗೊತ್ತಿತ್ತು. ಅವಳು ಆರು ವರ್ಷದವಳಿದ್ದಾಗ ಅಪ್ಪ ಎಣ್ಣೆ ಕಾರ್ಖಾನೆಯ ಕೆಲಸಕ್ಕೆಂದು ಕುರಸಾವ್ ದ್ವೀಪಕ್ಕೆ ಹೋದ. ಅಲ್ಲಿಂದ ಬಂದ ಮೊದಲ ಕಾಗದದಲ್ಲಿ ಒಂದು ಕಂದು ನೋಟಿತ್ತು. ಅವ್ವ ಅದನ್ನು ಹಿಡಿದು ಅಂಗಡಿಗೆ ಓಡಿದಳು. ಅಂಗಡಿಯವ ತಿರುವಿ ಮುರುವಿ ನೋಡಿ, "ಇದ್ಯಾವ ದುಡ್ಡು? ಮಕ್ಕಳಾಟದ ಕಾಗದ ಕಳಿಸಿದಾನೆ ನಿನ್ನ ಗಂಡ" ಎಂದು ಎಲ್ಲರೆದುರು ನಕ್ಕ. ಅವ್ವ ಅಂದೇ ಗಂಡನನ್ನು ಮನಸ್ಸಿನಿಂದ ಕಿತ್ತುಹಾಕಿದಳು. ಆಮೇಲೆ ಬಂದ ಕಾಗದಗಳನ್ನು ಒಡೆದೂ ನೋಡಲಿಲ್ಲ. ಕಡೆಗೆ ಕಾಗದ ಬರುವುದೂ ನಿಂತಿತು. ಮೋಸಗಾರನ ಮಗಳು ಎಂಬ ಮಾತನ್ನು ಹೊತ್ತೇ ಟಾಂಟಿ ಬೆಳೆದಳು.

ಆ ಕಂದು ನೋಟು ಈಗಲೂ ಅವಳ ಕೊರಳಿನ ಬಟ್ಟೆಚೀಲದಲ್ಲಿತ್ತು. ಬ್ಯಾಂಕಿನಲ್ಲಿ ತೋರಿಸು ಎಂದರೆ, "ಗಾಜಿನ ಹಿಂದೆ ಕೂತೋನು ಒಳಗೆ ಒಯ್ದು ಬೇರೇದು ತಂದುಕೊಟ್ರೆ ಯಾರನ್ನ ಕೇಳ್ಲಿ?" ಎನ್ನುತ್ತಿದ್ದಳು. ಅವಳಿಗೆ ಉತ್ತರದ್ದೇ ಭಯವಿತ್ತೆಂದು ನನ್ನ ಅನಿಸಿಕೆ.

ಕಳೆದ ಕ್ರಿಸ್‌ಮಸ್‌ನಲ್ಲಿ ಮಾರಾಟಗಾರರ ಸಂಘದ ಲಾಟರಿಯಲ್ಲಿ ನನಗೆ ಹಡಗು ಪ್ರವಾಸದ ಎರಡು ಟಿಕೆಟ್ ಬಂದವು. ಚೀಟಿ ಎತ್ತಿದವನ ಅಂಗಿಯ ತೋಳಿನೊಳಗೆ ಏನಿತ್ತು ಎಂದು ಟಾಂಟಿ ಮೂರು ದಿನ ವಿಚಾರಣೆ ನಡೆಸಿದಳು. ಹಡಗು ಕುರಸಾವ್‌ಗೆ ಹೋಗುತ್ತದೆ ಎಂದು ತಿಳಿದ ಮೇಲೆ ಬಾಯಿ ಮುಚ್ಚಿದಳು.

"ಎಪ್ಪತ್ತಾಯ್ತು ನಂಗೆ. ನಮ್ಮಪ್ಪ ಮೋಸಗಾರನೋ ಅಲ್ವೋ, ಅಲ್ಲೇ ಕೇಳಿಬಿಡ್ತೀನಿ. ಯಾವ ದುಡ್ಡು ತಗೊಂಡು ಹೋಗೋಣ, ಹೇಳು."

"ನಮ್ಮ ಡಾಲರ್ ಅಲ್ಲಿ ಯಾರೂ ಮುಟ್ಟಲ್ಲ. ಅಮೆರಿಕದ್ದೇ ಇಟ್ಕೊ, ಸಣ್ಣ ಸಣ್ಣ ನೋಟು."

ಅವಳು ಪೆಟ್ಟಿಗೆಯಿಂದ, ಹಡಗಿನ ಪ್ರವಾಸಿಗರು ಕೊಟ್ಟಿದ್ದ ಐದು ಡಾಲರಿನ ನೋಟುಗಳನ್ನು ಆರಿಸಿ ಆರಿಸಿ ತೆಗೆದಳು. ಮಡಿಕೆಯಿಲ್ಲ, ಹರುಕಿಲ್ಲ. ಒಂದೊಂದರ ಮೂಲೆಯಲ್ಲೂ ನೀಲಿ ಶಿಲುಬೆ.

ಕುರಸಾವ್‌ನ ತೇಲುಸೇತುವೆಯ ಪಕ್ಕ ಕೊಬ್ಬರಿ ಮಿಠಾಯಿ ಮಾರುವ ಮುದುಕಿಯೊಬ್ಬಳು ಕೂತಿದ್ದಳು. ನಮಗಿಂತ ಹತ್ತು ವರ್ಷವಾದರೂ ದೊಡ್ಡವಳು. ಟಾಂಟಿ ಎರಡು ಮಿಠಾಯಿ ಎತ್ತಿಕೊಂಡು ಐದರ ನೋಟು ಕೊಟ್ಟಳು. ಮುದುಕಿ ಅದನ್ನು ಬಿಸಿಲಿಗೆ ಹಿಡಿದಳು, ಉಗುರಿನಿಂದ ಕೆರೆದಳು, ಟಾಂಟಿಯ ಕೈಯಿಂದ ಮಿಠಾಯಿ ಕಸಿದುಕೊಂಡಳು.

"ಗೀಚಿದ ನೋಟು ನಂಗೆ ಬೇಡಮ್ಮ."

ಟಾಂಟಿ ಎರಡನೆಯದು ಕೊಟ್ಟಳು, ಮೂರನೆಯದು ಕೊಟ್ಟಳು.

"ಎಲ್ಲದರ ಮೇಲೂ ಒಂದೇ ಗುರುತು! ಎಲ್ಲಿ ಅಚ್ಚು ಹಾಕಿಸ್ದೆ ಇವನ್ನ? ಪೊಲೀಸ್ ಕರೀಲಾ?"

ನನಗೆ ನಗು ತಡೆಯಲಾಗಲಿಲ್ಲ. ಟಾಂಟಿ ಕೆಂಡವಾಗುತ್ತಾಳೆ ಎಂದುಕೊಂಡೆ. ಆದರೆ ಅವಳು ಮುದುಕಿಯನ್ನೇ ನೆಟ್ಟ ನೋಟದಿಂದ ನೋಡುತ್ತ ನಿಂತಳು, ಆಮೇಲೆ ಮುಂದಿದ್ದ ಸ್ಟೂಲ್ ಎಳೆದುಕೊಂಡು ಕೂತಳು.

"ಕ್ಲೀಟಾ, ಇವಳನ್ನ ನಂಬಬಹುದು" ಎಂದಳು. ಕೊರಳಿನ ಚೀಲ ಬಿಚ್ಚಿ ಕಂದು ನೋಟನ್ನು ಮುದುಕಿಯ ತೊಡೆಯ ಮೇಲೆ ಇಟ್ಟಳು. ಅದನ್ನು ಅವಳು ಇನ್ನೊಬ್ಬರ ಕೈಗೆ ಕೊಟ್ಟದ್ದು ನಾನು ಕಂಡದ್ದು ಅದೇ ಮೊದಲು. "ಅಕ್ಕ, ಇದನ್ನ ನೋಡು. ಖೋಟಾ ಆದ್ರೆ ಖೋಟಾ ಅಂತ್ಲೇ ಹೇಳು. ಮುಲಾಜು ಬೇಡ."

ಮುದುಕಿ ಅವಸರ ಮಾಡಲಿಲ್ಲ. ಬಿಸಿಲಿಗೆ ಹಿಡಿದಳು, ಬೆರಳಲ್ಲಿ ತಿಕ್ಕಿದಳು, ಮೂಸಿಯೂ ನೋಡಿದಳು. ಟಾಂಟಿ ನನ್ನ ಮಣಿಕಟ್ಟನ್ನು ನೋಯುವಷ್ಟು ಹಿಡಿದಿದ್ದಳು.

"ಎಲ್ಲಿ ಸಿಕ್ತಮ್ಮ ಇದು? ನಮ್ಮ ಹಳೇ ಗಿಲ್ಡರ್. ಕಾರ್ಖಾನೆಯಿಂದ ನಮ್ಮಪ್ಪನೂ ಇದನ್ನೇ ತರ್ತಿದ್ದ. ಅಪ್ಪಟ ದುಡ್ಡು. ಆಗ ಇದೊಂದರಲ್ಲಿ ಮನೆಮಂದಿಯೆಲ್ಲ ವಾರ ಊಟ ಮಾಡ್ತಿದ್ವಿ. ಈಗ ನಡೆಯೋದಿಲ್ಲ, ಎಂದೋ ನಿಲ್ಲಿಸಿಬಿಟ್ರು."

"ನಮ್ಮೂರ ಅಂಗಡಿಯವನು ದುಡ್ಡೇ ಅಲ್ಲ ಅಂದ."

"ಅವನೆಲ್ಲಿ ನೋಡಿದ್ದ ಪಾಪ, ಇಲ್ಲಿನ ನೋಟನ್ನ?"

ಸೇತುವೆ ತೆರೆದು ಒಂದು ದೋಣಿ ದಾಟಿಹೋಯಿತು. ಆಮೇಲೆ ಟಾಂಟಿ ನನ್ನ ಕಡೆ ತಿರುಗಿ, "ಒಂಬತ್ತು ಕಾಗದ ಬಂದಿದ್ವು ಕ್ಲೀಟಾ" ಎಂದಳು. "ಅವ್ವ ನನ್ನ ಕೈಗೇ ಕೊಡ್ತಿದ್ಲು, ಒಲೆಗೆ ಹಾಕು ಅಂತ. ನಾನೇ ಹಾಕ್ದೆ. ಒಂದೊಂದು ದಪ್ಪಗಿರ್ತಿತ್ತು."

ಅವಳು ಇಷ್ಟು ವರ್ಷ ಎಣಿಸಿದ ಸರಗಳನ್ನೆಲ್ಲ ನಾನು ಅಲ್ಲೇ ಮರೆತೆ. ಮುದುಕಿ ಎರಡು ಮಿಠಾಯಿಯನ್ನು ಅವಳ ಮಡಿಲಿಗೆ ಹಾಕಿದಳು. ದುಡ್ಡು ಕೇಳಲಿಲ್ಲ.

ಟಾಂಟಿ ಅಂಗೈಯಲ್ಲೇ ಕಣ್ಣೊರೆಸಿಕೊಂಡು ಕಂದು ನೋಟನ್ನು ವಾಪಸು ತೆಗೆದುಕೊಂಡಳು. ಬಿಸಿಲಿಗೆ ಹಿಡಿಯಲಿಲ್ಲ, ಮೂಸಲಿಲ್ಲ.

"ಪೆನ್ನು ಕೊಡು, ಕ್ಲೀಟಾ" ಎಂದಳು.

ಮೊಣಕಾಲ ಮೇಲಿಟ್ಟುಕೊಂಡು, ಅಪ್ಪ ಕಳಿಸಿದ ನೋಟಿನ ಮೂಲೆಗೆ ನೀಲಿ ಶಿಲುಬೆ ಹಾಕಿದಳು.